ಟಾರ್ಪಾಲಿನ ಎರಡೂ ಕಡೆ ನೀರು

ಬೆಳಿಗ್ಗೆ ಕಣದಲ್ಲಿ ಒಣಗಲು ಹಾಕಿದ್ದ ಕಾಫಿ ಹಣ್ಣಿನ ಮೇಲಿನ ಟಾರ್ಪಾಲು ತೆಗೆದೆ. ರಾತ್ರಿ ಒಂದು ಹನಿ ಮಳೆಯಿಲ್ಲ, ಆದರೂ ತೋಳು ಪೂರ್ತಿ ಒದ್ದೆ.

ಮೇಲಿದ್ದದ್ದು ಇಬ್ಬನಿ, ಸರಿ. ಒಳಮೈಯಲ್ಲೂ ಸಾಲು ಸಾಲು ಹನಿ! ಅದು ಕಾಫಿಯೇ ಬಿಟ್ಟ ನೀರು.

ಹಣ್ಣಿನಿಂದ ಒಂದು ಗ್ರಾಂ ನೀರು ಆವಿಯಾಗಿ ಏಳಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ನಿನ್ನೆಯ ಬಿಸಿಲು ರಾಶಿಯೊಳಗೆ ಬೆಚ್ಚಗೆ ಉಳಿದಿತ್ತು. ಆವಿ ಅದನ್ನೇ ಹೊತ್ತು ಮೇಲೆದ್ದು, ತಣ್ಣನೆಯ ಟಾರ್ಪಾಲಿಗೆ ಕೊಟ್ಟು, ಮತ್ತೆ ಹನಿಯಾಗಿದೆ. ಚಿಕ್ಕಮಗಳೂರಿನ ಜನವರಿ ಚಳಿಯಲ್ಲಿ, ನಾವೆಲ್ಲ ಕಂಬಳಿಯೊಳಗಿದ್ದಾಗ, ಇಷ್ಟೆಲ್ಲ ಕೊಡುಕೊಳ್ಳುವಿಕೆ ನಡೆದಿತ್ತು. ಎಷ್ಟು ವರ್ಷದಿಂದ ಈ ಟಾರ್ಪಾಲು ಮಡಚುತ್ತಿದ್ದೇನೋ, ಇವತ್ತೇ ನೋಡಿದ್ದು.

"ನಿಂತ್ಕೋಬೇಡ, ಆ ಹನಿ ಕಾಫಿ ಮೇಲೆ ಬಿದ್ರೆ ಬೂಷ್ಟು ಹಿಡಿಯುತ್ತೆ," ಅಂದ್ರು ಅಮ್ಮ.

ಕೊಡವಿದೆ. ಒದ್ದೆ ತೋಳು ಗಾಳಿಗೆ ಕೊರೆಯತೊಡಗಿತು. ಈಗ ನನ್ನ ಮೈಯ ಶಾಖ ತಗೊಂಡು ಹೊರಟಿತ್ತು ಆ ನೀರು.