ನಾಯಿ ಬರಲಿ, ಆದರೆ ಸಪ್ಲೈಯರ್‌ನ ಕೇಳಿ

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹೊರಗಡೆ ಟೇಬಲ್ ಹಾಕಿರುವ ಹೋಟೆಲ್‌ನವರು ಅಲ್ಲಿಗೆ ನಾಯಿ ಬಿಟ್ಟುಕೊಳ್ಳಬೇಕೋ ಬೇಡವೋ ಅನ್ನುವುದನ್ನು ಅವರೇ ತೀರ್ಮಾನ ಮಾಡಲಿ. ಬೇಕು ಅಂತ ಕಾನೂನು ಒತ್ತಾಯ ಮಾಡುವುದೂ ಬೇಡ, ಬೇಡವೇ ಬೇಡ ಅಂತ ತಡೆಯುವುದೂ ಬೇಡ. ಮನೆಯಲ್ಲಿ ಕರಿಯ ಅನ್ನೋ ನಾಯಿ ಇದೆ ಅಂತ ಹೀಗೆ ಹೇಳುತ್ತಿಲ್ಲ. ಕರಿಯ ಬರುವುದಕ್ಕೆ ಎಷ್ಟೋ ಮುಂಚೆ ನಾನು ಹೋಟೆಲ್‌ನಲ್ಲಿ ಸಪ್ಲೈಯರ್ ಆಗಿದ್ದೆ. ಹೊರಗಿನ ಟೇಬಲ್‌ಗಳೇ ನನ್ನ ಪಾಲಿಗೆ ಬರುತ್ತಿದ್ದವು.

ಇದೇನು ಹೊಸ ಹುಚ್ಚು ಅಂತ ಕೆಲವರು ಕೇಳುತ್ತಾರೆ. ಅಷ್ಟೇನೂ ಹೊಸದಲ್ಲ. ಬ್ರಿಟನ್‌ನಲ್ಲಿ ಜನ ಕೂತು ಊಟ ಮಾಡುವ ಜಾಗಕ್ಕೆ ನಾಯಿ ಬರಬಾರದು ಅನ್ನುವ ಕಾನೂನೇ ಇಲ್ಲ. ಅದು ಮಾಲೀಕರ ಇಷ್ಟ. ಯುರೋಪಿಯನ್ ಒಕ್ಕೂಟದ 2004ರ ಆಹಾರ ನೈರ್ಮಲ್ಯ ನಿಯಮ ಕೂಡ ಸಾಕುಪ್ರಾಣಿಗಳನ್ನು ದೂರ ಇಡಿ ಅನ್ನುವುದು ಆಹಾರ ತಯಾರಿಸುವ, ಮುಟ್ಟುವ, ಕೂಡಿಡುವ ಜಾಗದಿಂದ. ಅಮೆರಿಕದಲ್ಲಿ ಬಿಗಿ ಜಾಸ್ತಿ ಇತ್ತು. ಫ್ಲೋರಿಡಾ 2006ರಲ್ಲಿ ಸ್ಥಳೀಯ ಆಡಳಿತಗಳಿಗೆ ಅನುಮತಿ ಕೊಡುವ ಅಧಿಕಾರ ಕೊಟ್ಟಿತು. ಕ್ಯಾಲಿಫೋರ್ನಿಯಾದಲ್ಲಿ 2015ರ ಜನವರಿಯಿಂದ ಹೊರಾಂಗಣಕ್ಕೆ ಸಾಕುನಾಯಿ ಬರಬಹುದು ಅಂತಾಯಿತು. ಅಲ್ಲಿನ ಆಹಾರ, ಔಷಧಿ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎಫ್‌ಡಿಎ ರಾಜ್ಯಗಳಿಗೆ ಮಾದರಿಯಾಗಿ ಕೊಡುವ ಫುಡ್ ಕೋಡ್ ಅನ್ನುವ ನಿಯಮಾವಳಿಯ 2022ರ ಆವೃತ್ತಿಯೂ, ಅಧಿಕಾರಿಗಳು ಒಪ್ಪಿದರೆ ಆಗಬಹುದು ಅನ್ನುತ್ತದೆ. (ಕಣ್ಣು ಕಾಣದವರ ಜೊತೆ ಬರುವ ನಾಯಿಯ ವಿಷಯ ಬೇರೆ. ಅದು ಸಾಕುಪ್ರಾಣಿಯ ಲೆಕ್ಕಕ್ಕೆ ಬರುವುದಿಲ್ಲ, ಒಳಗೂ ಬರಬಹುದು. ಅದನ್ನು ಈ ಜಗಳಕ್ಕೆ ಎಳೆಯಬೇಡಿ.)

ಕ್ಯಾಲಿಫೋರ್ನಿಯಾದ ಷರತ್ತುಗಳನ್ನು ಓದಿದಾಗ, ಬರೆದವರು ಯಾರೋ ಟ್ರೇ ಹೊತ್ತು ಓಡಾಡಿದ್ದಾರೆ ಅನ್ನಿಸಿತು. ನಾಯಿ ಒಳಗಿನ ಹಾಲ್ ದಾಟಿ ಬರಬಾರದು, ಹೊರಗಿನಿಂದಲೇ ದಾರಿ ಇರಬೇಕು. ಕುರ್ಚಿ, ಬೆಂಚಿನ ಮೇಲೆ ಹತ್ತಬಾರದು. ಅದಕ್ಕೆ ತಿನ್ನಲು ಕೊಡುವುದಾದರೆ ಬಿಸಾಡುವ ತಟ್ಟೆಯಲ್ಲೇ ಕೊಡಬೇಕು. ಬಡಿಸುವವರು ಆ ಹೊತ್ತಿನಲ್ಲಿ ನಾಯಿಯನ್ನು ಮುಟ್ಟುವಂತಿಲ್ಲ. ಈ ಕೊನೆಯದು ಕೇಳಲು ಸುಲಭ. ಆದರೆ ಬಾಲ ಅಲ್ಲಾಡಿಸುತ್ತಾ ಬಂದು ಮಂಡಿಗೆ ಮೂತಿ ಒತ್ತುವ ನಾಯಿಯನ್ನು ಮುಟ್ಟದೇ ಇರುವುದಿದೆಯಲ್ಲ, ಕಷ್ಟ! ಅದರ ಯಜಮಾನರು ಬೇರೆ, "ಪಾಪ, ಒಂದ್ಸಲ ತಲೆ ಸವರಿ" ಅಂತಾರೆ.

ಜನ ಜೊಲ್ಲು, ರೋಮದ ಬಗ್ಗೆಯೇ ಮಾತಾಡುತ್ತಾರೆ. ನಾವು ಹೆದರುತ್ತಿದ್ದದ್ದು ಹಗ್ಗಕ್ಕೆ. ಎರಡು ಟೇಬಲ್ ನಡುವೆ ನಾಯಿಯ ಹಗ್ಗ ಮೊಣಕಾಲೆತ್ತರಕ್ಕೆ ಬಿಗಿದುಕೊಂಡಿರುತ್ತದೆ. ಎರಡೂ ಕೈಯಲ್ಲಿ ಬಿಸಿ ಸೂಪ್ ಇರುವವನಿಗೆ ಅದು ಕಾಣುವುದಿಲ್ಲ. ಇನ್ನೊಂದು, ಟೇಬಲ್ ಕಾಲಿಗೆ ಹಗ್ಗ ಕಟ್ಟುವುದು. ಒಂದು ಸಂಜೆ ಗೋಡೆ ಮೇಲೆ ಬೆಕ್ಕು ಹಾದುಹೋಯಿತು. ನಾಯಿ ಹಾರಿತು, ಜೊತೆಗೆ ಟೇಬಲ್ಲೂ ಹೊರಟಿತು. ಕಪ್ಪು, ಲೋಟ, ಹೂದಾನಿ ಎಲ್ಲಾ ಒಂದರ ಹಿಂದೆ ಒಂದು ನೆಲಕ್ಕೆ. ಗಾಜಿನ ಚೂರು ಆರಿಸಿದ್ದು ನಾವು. ಯಜಮಾನರು ನಾಯಿ ಕಾಲಿಗೆ ಚೂರು ಚುಚ್ಚಿತಾ ಅಂತ ಮಾತ್ರ ನೋಡುತ್ತಿದ್ದರು.

ಅದಕ್ಕೇ ಹೇಳುವುದು, ಬಾಗಿಲಿಗೆ ಬೋರ್ಡ್ ಹಾಕುವ ಮುಂಚೆ ಮಾಲೀಕರು ಬಡಿಸುವವರನ್ನು ಕೂರಿಸಿಕೊಂಡು ಕೇಳಬೇಕು. ನಮ್ಮ ಜೊತೆ ಒಬ್ಬನಿದ್ದ. ಚಿಕ್ಕಂದಿನಲ್ಲಿ ನಾಯಿ ಕಚ್ಚಿತ್ತು. ಮರಿ ಕಂಡರೂ ಕೈ ನಡುಗುತ್ತಿತ್ತು. ಆದರೂ ಬಾಯಿ ಬಿಟ್ಟು ಹೇಳಿರಲಿಲ್ಲ, ಕೆಲಸ ಹೋದೀತು ಅಂತ. ಮಾಲೀಕರಿಗೆ ಹೇಗೋ ಗೊತ್ತಾಗಿ ಅವನಿಗೆ ಒಳಗಿನ ಟೇಬಲ್ ಕೊಟ್ಟರು. ಎಷ್ಟು ಚಿಕ್ಕ ಏರ್ಪಾಡು, ಅಲ್ವಾ?

ಗಿರಾಕಿಗಳಲ್ಲೂ ಹೆದರುವವರು ಇದ್ದೇ ಇರುತ್ತಾರೆ. "ಏನೂ ಮಾಡಲ್ಲ ಬನ್ನಿ" ಅನ್ನುವ ಮಾತು ಕೇಳಿ ಧೈರ್ಯ ತಂದುಕೊಂಡವರನ್ನು ನಾನಂತೂ ನೋಡಿಲ್ಲ. ಅಲರ್ಜಿ ಇರುವವರಿಗೆ "ನಮ್ಮದು ರೋಮ ಉದುರದ ತಳಿ" ಅನ್ನುವುದೂ ಅಷ್ಟೇ. ಅಲರ್ಜಿ ತರುವ ಪ್ರೋಟೀನ್ ಇರುವುದು ಜೊಲ್ಲಿನಲ್ಲಿ, ಉದುರುವ ಚರ್ಮದ ಹೊಟ್ಟಿನಲ್ಲಿ. ಬಯಲಲ್ಲಿ ಗಾಳಿ ಆಡುವುದರಿಂದ ತೊಂದರೆ ಕಡಿಮೆ ಆಗಬಹುದು, ಅಷ್ಟೇ. ಇಲ್ಲಿ ನಾಯಿ ಇರುತ್ತದೆ ಅಂತ ದಾರಿಯಿಂದಲೇ ಕಾಣುವಂತೆ ಬರೆದಿದ್ದರೆ ಬೇಡದವರು ಬೇರೆ ಕಡೆ ಹೋಗುತ್ತಾರೆ. ಕೂತು ಆರ್ಡರ್ ಕೊಟ್ಟ ಮೇಲೆ ಗೊತ್ತಾದರೆ ಸಿಟ್ಟು ಬರುವುದು ಸಹಜ.

ಇನ್ನು ನಾಯಿಗೆ ಇದೆಲ್ಲ ಬೇಕಾ ಅಂತ ಯಾರೂ ಕೇಳುವುದಿಲ್ಲ. ಕರಿಯನಿಗೆ ಗದ್ದಲ ಆಗುವುದಿಲ್ಲ. ಪಾತ್ರೆ ಬಿದ್ದ ಸದ್ದಿಗೆ ಕಿವಿ ಹಿಂದಕ್ಕೆ ಹೋಗುತ್ತದೆ. ತುಟಿ ನೆಕ್ಕಿಕೊಳ್ಳುತ್ತಾನೆ, ನಿದ್ದೆ ಇಲ್ಲದಿದ್ದರೂ ಆಕಳಿಸುತ್ತಾನೆ, ಕಣ್ಣಿನ ಬಿಳಿ ಕಾಣುತ್ತದೆ. ಇವೆಲ್ಲ ಗಾಬರಿಯ ಗುರುತು. ನೆಲಕ್ಕೆ ಬಿದ್ದ ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ಬಾಯಿಗೆ ಹಾಕಿಕೊಂಡರೆ ವಿಷ. ಬಿಸಿಲಿಗೆ ಕಾದ ಕಲ್ಲು ಪಾದ ಸುಡುತ್ತದೆ. ಪಕ್ಕದ ಟೇಬಲ್‌ನವರು "ಎಷ್ಟು ಸುಮ್ನೆ ಕೂತಿದೆ ನೋಡಿ" ಅಂತ ಹೊಗಳುವಾಗ ಎಷ್ಟೋ ಸಲ ಅದು ಭಯಕ್ಕೆ ಮರಗಟ್ಟಿ ಕೂತಿರುತ್ತದೆ.

ಹಾಗಾಗಿ ಅವನನ್ನು ಕರೆದುಕೊಂಡು ಹೋಗುವುದು ಅಪರೂಪ. ಹೋದರೂ ಜನ ಕಡಿಮೆ ಇರುವ ಹೊತ್ತು ನೋಡಿಕೊಂಡು, ಗೋಡೆ ಪಕ್ಕದ ಟೇಬಲ್‌ಗೆ. ಅವನ ಚಾಪೆ, ಅವನ ನೀರಿನ ಬಟ್ಟಲು ನನ್ನ ಚೀಲದಲ್ಲೇ ಇರುತ್ತವೆ. ಹಗ್ಗ ಗಿಡ್ಡ ಮಾಡಿ ಕುರ್ಚಿಯಡಿ ನನ್ನ ಕಾಲ ಕೆಳಗೆ ಇಟ್ಟುಕೊಳ್ಳುತ್ತೇನೆ. ಎರಡನೇ ಸಲ ಆಕಳಿಸಿದ ಅಂದರೆ ಬಿಲ್ ಕೇಳಿ, ತಟ್ಟೆಯಲ್ಲಿ ಉಳಿದಿದ್ದನ್ನು ಪಾರ್ಸೆಲ್ ಕಟ್ಟಿಸಿಕೊಂಡು ಎದ್ದುಬಿಡುತ್ತೇನೆ.