ಕೊಂಕಣ ರೈಲಿನಲ್ಲಿ ನಮ್ಮ ಶೇಕಡಾ 15

ಹೊನ್ನಾವರದ ಬಳಿ ರೈಲು ಶರಾವತಿ ಸೇತುವೆಗೆ ಏರುವಾಗ ನಾನು ಕೈಯಲ್ಲಿದ್ದ ಪುಸ್ತಕವನ್ನು ಮಡಚಿಟ್ಟು ಕಿಟಕಿಯ ಕಡೆಗೆ ಸರಿಯುತ್ತೇನೆ. ಎರಡು ಕಿಲೋಮೀಟರಿಗೂ ತುಸು ಮಿಗಿಲಾದ ಆ ಸೇತುವೆಯ ಕೆಳಗೆ ಅಗಲವಾಗಿ ಹರಡಿದ ನೀರು, ತೆಂಗು ತುಂಬಿದ ಕುದ್ರುಗಳು ಎಂಬ ನಡುಗಡ್ಡೆಗಳು, ದೂರದಲ್ಲೊಂದು ದೋಣಿ ಕಾಣುತ್ತವೆ. ಈ ಹಳಿಯಲ್ಲಿ ಕರ್ನಾಟಕ ಸರ್ಕಾರದ ಬಂಡವಾಳವೂ ಸೇರಿದೆ ಎಂದರೆ ಎದುರು ಕೂತವರು ಅಚ್ಚರಿಪಡುವುದುಂಟು.

1990ರಲ್ಲಿ ಕೊಂಕಣ ರೈಲ್ವೆ ನಿಗಮ ಸ್ಥಾಪನೆಯಾದಾಗ ಮೂಲ ಪಾಲು ಬಂಡವಾಳದಲ್ಲಿ ರೈಲ್ವೆ ಸಚಿವಾಲಯ ಶೇ. 51, ಮಹಾರಾಷ್ಟ್ರ ಶೇ. 22, ಕರ್ನಾಟಕ ಶೇ. 15, ಗೋವಾ ಮತ್ತು ಕೇರಳ ತಲಾ ಶೇ. 6 ಹಂಚಿಕೊಂಡವು. ಮಹಾರಾಷ್ಟ್ರದ ರೋಹಾದಿಂದ ಮಂಗಳೂರು ಸಮೀಪದ ತೋಕೂರಿನವರೆಗಿನ ಸುಮಾರು 740 ಕಿ.ಮೀ. ಹಾದಿಯನ್ನು ರೈಲ್ವೆಯ ವಾರ್ಷಿಕ ಅನುದಾನವನ್ನೇ ನಂಬಿ ಕಟ್ಟಲು ಹೊರಟಿದ್ದರೆ ದಶಕಗಳೇ ಉರುಳುತ್ತಿದ್ದವು. ಆಗ ರೈಲ್ವೆ ಸಚಿವರಾಗಿದ್ದ ಜಾರ್ಜ್ ಫರ್ನಾಂಡಿಸ್ ಅವರು ಪ್ರತ್ಯೇಕ ನಿಗಮದ ದಾರಿ ಹಿಡಿದರು, ರೈಲ್ವೆ ಎಂಜಿನಿಯರ್ ಇ. ಶ್ರೀಧರನ್ ಅದರ ಹೊಣೆ ಹೊತ್ತರು. ವೆಚ್ಚದ ಬಹುಪಾಲನ್ನು ಬಾಂಡ್‌ಗಳ ಮೂಲಕ ಸಾಲವಾಗಿ ಎತ್ತಲಾಯಿತು. 1998ರ ಜನವರಿ 26ರಂದು ಇಡೀ ಮಾರ್ಗ ಸಂಚಾರಕ್ಕೆ ತೆರೆದುಕೊಂಡಿತು. ಅಷ್ಟು ಸುರಂಗ, ಸೇತುವೆಗಳಿರುವ ಹಾದಿಗೆ ಇದು ಬೆರಗಿನ ವೇಗವೇ ಸರಿ, ಮತ್ತು ಆ ವೇಗಕ್ಕೆ ನಿಗಮದ ಸ್ವಾಯತ್ತತೆಯೇ ಮುಖ್ಯ ಕಾರಣವೆಂದು ನಾನು ನಂಬುತ್ತೇನೆ.

ಆದರೆ ಕಟ್ಟುವುದಕ್ಕೆ ಒದಗಿಬಂದ ಈ ಏರ್ಪಾಡು ಬೆಳೆಸುವುದಕ್ಕೆ ಒದಗಲಿಲ್ಲ. ಸಾಲವನ್ನೂ ಬಡ್ಡಿಯನ್ನೂ ನಿಗಮ ತನ್ನ ಗಳಿಕೆಯಿಂದಲೇ ತೀರಿಸಬೇಕಿತ್ತು. ಅದಕ್ಕಾಗಿ ನಿಜವಾದ ದೂರಕ್ಕಿಂತ ಹೆಚ್ಚು ಕಿಲೋಮೀಟರ್ ಲೆಕ್ಕ ಹಿಡಿದು ಪ್ರಯಾಣ ದರ ವಿಧಿಸಲಾಯಿತು, ಅಂದರೆ ಸಾಲದ ಒಂದು ಭಾಗವನ್ನು ಕರಾವಳಿಯ ಪ್ರಯಾಣಿಕರೇ ಟಿಕೆಟಿನಲ್ಲಿ ತೀರಿಸುತ್ತ ಬಂದರು. ಇತ್ತ ರೋಹಾ–ವೀರ್ ನಡುವಿನ ಸುಮಾರು 46 ಕಿ.ಮೀ. ಜೋಡಿಹಳಿಯಾದದ್ದು 2021ರಲ್ಲಿ. ಕರ್ನಾಟಕದ ಭಾಗವೂ ಸೇರಿ ಉಳಿದದ್ದೆಲ್ಲ ಒಂಟಿ ಹಳಿಯೇ. ಒಂಟಿ ಹಳಿಯಲ್ಲಿ ಎದುರಿನಿಂದ ಗಾಡಿ ಬಂದರೆ ಎರಡರಲ್ಲೊಂದು ಗಾಡಿ ನಿಲ್ದಾಣದ ಪಕ್ಕದ ಹಳಿಗೆ, ಅಂದರೆ ಲೂಪ್ ಲೈನಿಗೆ, ಸರಿದು ಕಾಯಲೇಬೇಕು. ಆದ್ದರಿಂದ ಹೊಸ ರೈಲು ಕೇಳಿದಾಗಲೆಲ್ಲ ಹಳಿಯಲ್ಲಿ ಜಾಗವಿಲ್ಲವೆಂಬ ಉತ್ತರ ಬರುತ್ತದೆ. ಮಳೆಗಾಲದಲ್ಲಿ ಗುಡ್ಡ ಕುಸಿಯುವ ಭಯದಿಂದ ವೇಗ ತಗ್ಗಿಸಿ, ಪ್ರತ್ಯೇಕ ವೇಳಾಪಟ್ಟಿಯಲ್ಲಿ ಗಾಡಿಗಳನ್ನು ಓಡಿಸುವುದು ಬೇರೆ.

ಈಗ ನಿಗಮವನ್ನು ಭಾರತೀಯ ರೈಲ್ವೆಯಲ್ಲಿ ವಿಲೀನಗೊಳಿಸಲು ಕರ್ನಾಟಕ, ಗೋವಾ, ಕೇರಳಗಳ ಹಿಂದೆಯೇ ಮಹಾರಾಷ್ಟ್ರವೂ 2025ರಲ್ಲಿ ಒಪ್ಪಿದೆ. ನಾನೂ ವಿಲೀನದ ಪರವೇ. ಜೋಡಿಹಳಿಗೆ ಬೇಕಾಗುವಷ್ಟು ಹಣ ಕೇಂದ್ರದ ಬಜೆಟ್ಟಿನಿಂದಲ್ಲದೆ ಬೇರೆಡೆಯಿಂದ ಬರುವಂತಿಲ್ಲ. ಆದರೂ ಮಹಾರಾಷ್ಟ್ರ ತನ್ನ ಬಂಡವಾಳವನ್ನು ಮರಳಿ ಕೇಳಿದೆ, ಕೊಂಕಣ ರೈಲ್ವೆ ಎಂಬ ಹೆಸರು ಉಳಿಯಬೇಕೆಂದೂ ಕೇಳಿದೆ. ನಮ್ಮ ಸರ್ಕಾರವೂ ತನ್ನ ಪಾಲನ್ನು ಬಿಟ್ಟುಕೊಡುವ ಮುನ್ನ ಕಾರವಾರದಿಂದ ತೋಕೂರಿನವರೆಗಿನ ಎರಡನೆಯ ಹಳಿಗೆ ಕಾಲಮಿತಿಯನ್ನು ಒಪ್ಪಂದದ ಕಾಗದದಲ್ಲೇ ಬರೆಸಿಕೊಳ್ಳಬೇಕು. ಪಾಲುದಾರನಾಗಿ ಕೇಳುವ ಹಕ್ಕು ಸಹಿ ಬೀಳುವವರೆಗೆ ಮಾತ್ರ ಇರುತ್ತದೆ; ಆಮೇಲೆ ನಾವು ಮನವಿ ಸಲ್ಲಿಸುವವರ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ.