ಕಪಾಟಿನ ಫೈಲುಗಳು ಮತ್ತು ಅನುದಾನದ ಅರ್ಜಿ

ಶಿವಮೊಗ್ಗದಲ್ಲಿ ನನ್ನದೊಂದು ಪುಟ್ಟ ಮನೋಚಿಕಿತ್ಸಾ ಕೊಠಡಿ. ಗೋಡೆಯ ಮೇಲೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿಯ ಪ್ರಮಾಣಪತ್ರ, ಕಬ್ಬಿಣದ ಕಪಾಟಿನಲ್ಲಿ 11 ವರ್ಷಗಳ ಫೈಲುಗಳು. ಸಂಶೋಧನೆಗೆ ಹಣ ಕೇಳಲು ಹೊರಟಾಗ ಆ ಕಪಾಟೇ ನನ್ನ ಬಂಡವಾಳ ಎಂದುಕೊಂಡಿದ್ದೆ. ವಿಶ್ವವಿದ್ಯಾಲಯದವರು ಊರೂರು ಅಲೆದು ಹುಡುಕುವುದು ನನ್ನ ಕೈಯಳತೆಯಲ್ಲೇ ಇದೆ ಎಂಬ ಜಂಬವೂ ಸ್ವಲ್ಪ ಇತ್ತು.

ಪೆಟ್ಟು ಬಿದ್ದದ್ದು ಅರ್ಜಿಯ ಮೊದಲ ಪುಟದಲ್ಲೇ. ‘ಸಂಸ್ಥೆ’ ಎಂಬ ಅಂಕಣದಲ್ಲಿ ಏನು ಬರೆಯಲಿ? ವೈದ್ಯಕೀಯ ಸಂಶೋಧನೆಯ ರಾಷ್ಟ್ರೀಯ ಮಂಡಳಿ ಐಸಿಎಂಆರ್ ಆಗಲಿ ಸಮಾಜವಿಜ್ಞಾನ ಸಂಶೋಧನೆಯ ಐಸಿಎಸ್‌ಎಸ್‌ಆರ್ ಆಗಲಿ ಸಂಶೋಧನಾ ಯೋಜನೆಗೆ ಹಣ ಕೊಡುವುದು ಸಂಸ್ಥೆಯ ಮೂಲಕ. ಒಬ್ಬಂಟಿಯಾಗಿ ಕೊಠಡಿ ನಡೆಸುವವರ ಖಾತೆಗೆ ಅದು ನೇರವಾಗಿ ಬರುವುದಿಲ್ಲ. ಕೊನೆಗೆ ವೈದ್ಯಕೀಯ ಕಾಲೇಜೊಂದರ ಮನೋವೈದ್ಯಶಾಸ್ತ್ರದ ಪ್ರಾಧ್ಯಾಪಕರನ್ನು ಹಿಡಿದೆ. ಅವರು ಪ್ರಧಾನ ಸಂಶೋಧಕರು, ನಾನು ಸಹ ಸಂಶೋಧಕಿ. ಪ್ರಶ್ನೆ ನನ್ನದು, ಹೆಸರು ಅವರದು ಎಂದು ಒಂದು ವಾರ ಮುಖ ಊದಿಸಿಕೊಂಡಿದ್ದೆ. ಆಮೇಲೆ ಅವರ ಗುಮಾಸ್ತರು ಖರ್ಚಿನ ಲೆಕ್ಕದ ನಮೂನೆಗಳನ್ನು ತೋರಿಸಿದರು. ಮುನಿಸು ಅಲ್ಲಿಗೆ ಇಳಿಯಿತು.

ಆಮಿಷಗಳೂ ಇದ್ದವು. ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2015ರಲ್ಲಿ ಆರಂಭಿಸಿದ ‘ಸತ್ಯಂ’ ಯೋಜನೆ ಯೋಗ, ಧ್ಯಾನಗಳ ಅಧ್ಯಯನಕ್ಕೆ ನೆರವಾಗುತ್ತದೆ. ನಿಮ್ಮ ಪ್ರಶ್ನೆಗೆ ಒಂದಿಷ್ಟು ಪ್ರಾಣಾಯಾಮ ಸೇರಿಸಿಬಿಡಿ ಎಂದು ಸ್ನೇಹಿತರು ಹೇಳಿದರು. ನನ್ನ ಪ್ರಶ್ನೆ ಬೇರೆಯೇ ಇತ್ತು. ಮೊದಲ ಭೇಟಿಯಲ್ಲಿ ಅತ್ತು ಹಗುರಾದವರಲ್ಲಿ ಎಷ್ಟೋ ಜನ ಎರಡನೆಯ ಭೇಟಿಗೆ ಬರುವುದಿಲ್ಲ. ಏಕೆ? ಬಸ್ಸಿನ ಖರ್ಚೋ, ಗಂಡನ ವಿರೋಧವೋ, ನಾನು ಆಡಿದ ಯಾವುದೋ ಮಾತೋ? ಇದನ್ನು ಬಿಟ್ಟು ಬೇರೆಯದಕ್ಕೆ ಹಣ ತಂದು ನಾನೇನು ಮಾಡಲಿ?

ಸಂಶೋಧನೆಯಿಂದ ಜನರಿಗೆ ಹಾನಿಯಾಗದಂತೆ ನೋಡಿಕೊಳ್ಳುವ ಕಾಲೇಜಿನ ನೀತಿ ಸಮಿತಿಯ (ಎಥಿಕ್ಸ್ ಕಮಿಟಿ) ಮುಂದೆ ಹೋದಾಗ ಕಪಾಟಿನ ಮಾತು ಬಂತು. ಆ ಫೈಲುಗಳಲ್ಲಿ ಇರುವ ಸಹಿ ಚಿಕಿತ್ಸೆಗೆ ಕೊಟ್ಟದ್ದು, ಸಂಶೋಧನೆಗೆ ಅಲ್ಲ. ಐಸಿಎಂಆರ್‌ನ 2017ರ ಮಾರ್ಗಸೂಚಿಯ ಪ್ರಕಾರ, ಗುರುತು ಅಳಿಸಿದ ಹಳೆಯ ದಾಖಲೆಗಳ ವಿಷಯದಲ್ಲಿ ಸಮಿತಿ ಒಪ್ಪಿಗೆಪತ್ರದಿಂದ ವಿನಾಯಿತಿ ಕೊಡಬಹುದು. ನಾನು ಅದನ್ನೇ ನೆಚ್ಚಿಕೊಂಡಿದ್ದೆ. ಆದರೆ ಹೆಸರು ತೆಗೆದು ‘ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವರು, ಅವಳಿ ಹೆಣ್ಣುಮಕ್ಕಳು, ಕಳೆದ ವರ್ಷ ಹೆಂಡತಿ ತೀರಿಕೊಂಡರು’ ಎಂದು ಬರೆದರೆ ನಮ್ಮ ಊರಿನಲ್ಲಿ ಗುರುತು ಅಳಿಸಿದಂತಾಗುತ್ತದೆಯೇ? ನಾನೇ ತಯಾರಿಸಿದ ಮಾದರಿ ಹಾಳೆಯನ್ನು ಓದಿ ನನಗೇ ನಾಚಿಕೆಯಾಯಿತು. ಕಪಾಟಿಗೆ ಬೀಗ ಹಾಕಿದೆ.

ಹಾಗಾದರೆ ಬಾರದವರಿಗೆ ಫೋನ್ ಮಾಡಿ ಕೇಳುತ್ತೇನೆ ಎಂದೆ. ಇಂಥ ಸಮಿತಿಗಳಲ್ಲಿ ವೈದ್ಯರ ಜೊತೆಗೆ ಕಾನೂನು ಬಲ್ಲವರೊಬ್ಬರು, ಜನಸಾಮಾನ್ಯರ ಪರವಾಗಿ ಒಬ್ಬರು ಇರುತ್ತಾರೆ. ಅಲ್ಲಿಯವರೆಗೆ ಸುಮ್ಮನಿದ್ದ ಆ ಜನಸಾಮಾನ್ಯ ಸದಸ್ಯೆ ಕೇಳಿದರು: “ಫೋನ್ ಎತ್ತಿದವರು ಅತ್ತೆಯಾದರೆ?” ನನ್ನಲ್ಲಿ ಉತ್ತರವಿರಲಿಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಖಿನ್ನತೆ ಅಳೆಯಲು ಪಿಎಚ್‌ಕ್ಯೂ-9 ಪ್ರಶ್ನಾವಳಿ ಹಾಕಿದ್ದೆ. ಬಳಸಲು ಶುಲ್ಕವಿಲ್ಲ, ಒಂಬತ್ತೇ ಪ್ರಶ್ನೆ, ಒಟ್ಟು 27 ಅಂಕ. ಒಂಬತ್ತನೆಯ ಪ್ರಶ್ನೆ ಸಾವಿನ ಯೋಚನೆಯ ಬಗ್ಗೆ. ಅದಕ್ಕೆ ಯಾರಾದರೂ ‘ಹೌದು’ ಎಂದರೆ ಅದೇ ಸಂಜೆ ಯಾರು ಏನು ಮಾಡುತ್ತಾರೆ ಎಂಬುದು ಅರ್ಜಿಯಲ್ಲಿ ಎಲ್ಲೂ ಇರಲಿಲ್ಲ. ಕೊಠಡಿಯಲ್ಲಾದರೆ ಇದನ್ನು ನಾನು ಮರೆಯುವವಳಲ್ಲ. ಅರ್ಜಿ ಬರೆಯುವಾಗ ಹೇಗೆ ಮರೆತೆನೋ! ಈಗ ಯೋಜನೆಯಲ್ಲಿ ಮನೋವೈದ್ಯರ ಪಾಳಿ ಇದೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಪ್ರತಿ ಹಾಳೆಯ ಕೆಳಗೆ ಅಚ್ಚಾಗಿದೆ.

ಲೆಕ್ಕದ ಬಗ್ಗೆ ಒಂದೇ ಮಾತು. ಒಂದು ಗಂಟೆಯ ಕನ್ನಡ ಸಂದರ್ಶನವನ್ನು ಅಕ್ಷರಕ್ಕೆ ಇಳಿಸಲು ನಮಗೆ ಏಳು ಗಂಟೆ ಹಿಡಿಯಿತು. ‘ಎದೆ ಭಾರ’, ‘ತಲೆ ಕೆಟ್ಟ ಹಾಗೆ’ ಎಂಬುವುಗಳನ್ನು ಹಾಗೆಯೇ ಉಳಿಸಬೇಕಲ್ಲ. ಆ ದುಡಿಮೆಗೆ ಹಣ ಕೇಳಲು ಮೊದಲ ಸಲ ಸಂಕೋಚಪಟ್ಟೆ. ಎರಡನೆಯ ಸಲ ಪಡಲಿಲ್ಲ.

ನೀತಿ ಸಮಿತಿಯ ಒಪ್ಪಿಗೆ ಸಿಕ್ಕಿದೆ, ಅನುದಾನದ ಉತ್ತರ ಇನ್ನೂ ಬಂದಿಲ್ಲ. ಆದರೂ ಮೊದಲ ಭೇಟಿಯ ಹಾಳೆಯ ಜೊತೆ ಈಗ ಪ್ರತ್ಯೇಕ ಪುಟವೊಂದಿದೆ: ಮುಂದೆ ಸಂಶೋಧನೆಗಾಗಿ ನಿಮ್ಮನ್ನು ಸಂಪರ್ಕಿಸಬಹುದೇ, ಹೇಗೆ? ಬೇಡ ಎಂದರೂ ಚಿಕಿತ್ಸೆ ಅದೇ ರೀತಿ ನಡೆಯುತ್ತದೆ ಎಂದು ದಪ್ಪಕ್ಷರದಲ್ಲಿದೆ. ಹಲವರು ‘ಬೇಡ’ ಎಂದು ಗುರುತು ಹಾಕುತ್ತಾರೆ. ಕಳೆದ ತಿಂಗಳು ಒಬ್ಬರು ‘ಸರಿ’ ಎಂದು ಗುರುತಿಸಿ ಪಕ್ಕದಲ್ಲಿ ಬರೆದಿದ್ದರು: “ಬೆಳಿಗ್ಗೆ 11ರ ನಂತರ ಮಾತ್ರ. ಆಗ ಮನೆಯಲ್ಲಿ ಯಾರೂ ಇರುವುದಿಲ್ಲ.”